ಕೊಡೆಯ ಪಕ್ಕದ ದೀಪ

ಸೀಟಣ್ಣ ಹೊಲಿದ ಸೀಟಿನ ಮೇಲೆ ಒಮ್ಮೆಯೂ ಕೂರದವರು ಆ ಊರಿನಲ್ಲಿ ಯಾರೂ ಇರಲಿಲ್ಲ ಎಂದರೆ ಮಾತು ಸ್ವಲ್ಪ ಹೆಚ್ಚಾದೀತು, ಆದರೆ ಸ್ವಲ್ಪವೇ. ಬಸ್ಸು, ವ್ಯಾನು, ಲಾರಿ ಡ್ರೈವರನ ಸೀಟು, ಹಲ್ಲಿನ ಡಾಕ್ಟರ ಉದ್ದನೆಯ ಕುರ್ಚಿ, ಸಿನಿಮಾ ಮಂದಿರದ ಹಿಂದಿನ ಸಾಲು, ಹೀಗೆ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಇಣುಕಿದ್ದೆಲ್ಲ ಅವನ ಶೆಡ್ಡಿಗೇ ಬರುತ್ತಿತ್ತು. ಹಾಗಾಗಿ ಅವನು ಊರಿಗೆಲ್ಲ ಸೀಟಣ್ಣನಾಗಿಬಿಟ್ಟಿದ್ದ. ಐವತ್ತು ದಾಟುವ ಹೊತ್ತಿಗೆ ಬೆನ್ನು ಬಾಗಿತ್ತು. ದಬ್ಬಳ ಬಾಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಹತ್ತಿರ ಮಾತಾಡಿ ಮಾತಾಡಿ, ದಬ್ಬಳ ಇಲ್ಲದಾಗಲೂ ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದ. ಅದಕ್ಕೇ ಹೊಸಬರಿಗೆ ಅವನು ಸಿಡುಕನಂತೆ ಕಾಣುತ್ತಿದ್ದ. ಹಾಗೇನೂ ಇರಲಿಲ್ಲ.

ಅವನ ಶೆಡ್ಡು ಇದ್ದದ್ದು ಪುರಸಭೆಯ ಆಸ್ಪತ್ರೆಯ ಹಿಂದೆ, ತಗಡಿನ ಮಾಡಿನ ಒಂದು ಸಾಲಿನಲ್ಲಿ. ಈ ಪಕ್ಕ ವೆಲ್ಡಿಂಗಿನವನು, ಆ ಪಕ್ಕ ಬ್ಯಾಟರಿ ಅಂಗಡಿ. ಬ್ಯಾಟರಿ ಅಂಗಡಿ ಅವನ ಹೆಂಡತಿಯ ತಮ್ಮನದು. ಆಸ್ಪತ್ರೆ ಎಂದರೆ ದೊಡ್ಡದೇನಲ್ಲ: ಎರಡು ಕೋಣೆ, ಹೊರಗೊಂದು ಉದ್ದನೆಯ ಬೆಂಚು, ಗಾಯ ತೊಳೆದು ಪಟ್ಟಿ ಕಟ್ಟುವ ಒಂದು ಮೂಲೆ. ಆ ಮೂಲೆಯಲ್ಲಿ ನರ್ಸಮ್ಮ ತಲೆ ನರೆಯುವವರೆಗೆ ನಿಂತು ಕೆಲಸ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ವಾರ್ಡಿನ ಸದಸ್ಯನಾಗಿದ್ದ ಕಾಂಟ್ರಾಕ್ಟರನಿಗೆ ಆಸ್ಪತ್ರೆಯ ಮೇಲೂ ಹಿಂದಿನ ಶೆಡ್ಡುಗಳ ಮೇಲೂ ಬಹಳ ದಿನದಿಂದ ಕಣ್ಣಿತ್ತು. ಎರಡನ್ನೂ ಕೆಡವಿ ಮೂರು ಅಂತಸ್ತಿನ ಅಂಗಡಿ ಕಟ್ಟಡ ಎಬ್ಬಿಸಬೇಕೆಂದು ನಕ್ಷೆ ಬರೆಸಿ ಇಟ್ಟುಕೊಂಡಿದ್ದ. ಈ ಸಲ ಅವನನ್ನು ಇಳಿಸದಿದ್ದರೆ ಆಸ್ಪತ್ರೆ ಉಳಿಯುವುದಿಲ್ಲವೆಂದು ನರ್ಸಮ್ಮ ಚುನಾವಣೆಗೆ ನಿಂತರು.

ಅಷ್ಟಕ್ಕೇ ಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಒಂದು ಮಧ್ಯಾಹ್ನ ಚಹಾದಂಗಡಿಯಲ್ಲಿ ಬಾಮೈದ ಗ್ಲಾಸು ಕೆಳಗಿಟ್ಟು, "ಆಸ್ಪತ್ರೆ ಬಗ್ಗೆ ನರ್ಸಮ್ಮ ಮಾತಾಡ್ತಾರೆ, ಸರಿ. ನಮ್ಮ ಶೆಡ್ಡಿನ ಬಗ್ಗೆ ಯಾರು ಮಾತಾಡ್ತಾರೆ? ಭಾವ, ನೀವು ನಿಂತುಬಿಡಿ. ಊರಿಗೆಲ್ಲ ಸೀಟು ಮಾಡಿಕೊಟ್ಟೋರಿಗೆ ಊರು ಒಂದು ಸೀಟು ಕೊಡಬಾರದಾ?" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀಟಣ್ಣನೂ ನಕ್ಕ. ಮರುದಿನ ವೆಲ್ಡಿಂಗಿನವನು ಅದೇ ಮಾತು ಎತ್ತಿದ. ಬಣ್ಣ ಹೊಡೆಯುವವನು "ಮೆಂಬರ್ ಸಾಹೇಬ್ರೇ" ಎಂದು ಕೂಗಿ ಕರೆದ. ನಗೆಚಾಟಿಕೆ ಯಾವಾಗ ನಿಜವಾಯಿತೋ ಸೀಟಣ್ಣನಿಗೇ ಗೊತ್ತಾಗಲಿಲ್ಲ. ಊರಿನವರ ಸೀಟುಗಳ ಕೆಳಗೆ ಬಗ್ಗಿ ಬಗ್ಗಿ ಅರ್ಧ ಆಯುಷ್ಯ ಕಳೆದವನು ಅವನು. ನಾಲ್ಕು ಜನ ಎದುರಿಗೆ ನಿಂತು 'ನೀವೇ ಬೇಕು' ಎಂದದ್ದು ಅದೇ ಮೊದಲು. ಆ ಮಾತು ಅವನ ಕಿವಿಗೆ ಹಿತವಾಗಿತ್ತು. ಅರ್ಜಿ ಹಾಕಿಯೇಬಿಟ್ಟ.

ನರ್ಸಮ್ಮ ಅವನ ಶೆಡ್ಡಿಗೆ ಬಂದದ್ದು ಅರ್ಜಿ ಹಿಂದಕ್ಕೆ ಪಡೆಯಲು ಇನ್ನೂ ಅವಕಾಶವಿದ್ದಾಗ. ಒಬ್ಬರೇ ಬಂದಿದ್ದರು. ಹೊಸದಾಗಿ ಹೊಲಿದಿಟ್ಟಿದ್ದ ಬಸ್ಸಿನ ಸೀಟಿನ ಅಂಚಿನಲ್ಲಿ ಕೂತರು.

"ಸೀಟಣ್ಣ, ಸುತ್ತಿ ಬಳಸಿ ಮಾತಾಡೋದು ನನಗೆ ಬರಲ್ಲ. ಇಬ್ಬರೂ ನಿಂತ್ರೆ ಆ ಕಾಂಟ್ರಾಕ್ಟರನಿಗೇ ಲಾಭ. ನೀವು ಹಿಂದೆ ಸರೀರಿ. ಶೆಡ್ಡಿನ ವಿಷಯ ನಾನು ಕೈ ಬಿಡಲ್ಲ, ಬೇಕಿದ್ರೆ ಎಲ್ಲರ ಎದುರಿಗೆ ಹೇಳ್ತೀನಿ."

"ನಾನು ಯಾಕೆ ಸರೀಬೇಕು? ನೀವೇ ಸರೀಬಹುದಲ್ಲ," ಎಂದ ಸೀಟಣ್ಣ. ಜಗಳಕ್ಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು ಅಷ್ಟೇ.

ನರ್ಸಮ್ಮ ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಯಾಕಂದ್ರೆ ನೀವು ಗೆಲ್ಲಲ್ಲ. ನಾನು ಗೆಲ್ಲಬಹುದು."

ಮಾತು ನಿಜವೇ ಇರಬಹುದು. ಆದರೆ ಪಕ್ಕದ ಗೋಡೆಯಾಚೆ ಬಾಮೈದ ಕಿವಿಗೊಟ್ಟು ನಿಂತಿದ್ದಾನೆಂದು ಸೀಟಣ್ಣನಿಗೆ ಗೊತ್ತಿತ್ತು. ಮುಖಕ್ಕೆ ಹೊಡೆದಂತಾಯಿತು. ಇದೇ ನರ್ಸಮ್ಮ ಅವನ ತಾಯಿ ಹಾಸಿಗೆ ಹಿಡಿದು ಮಲಗಿದ್ದ ಕಾಲದಲ್ಲಿ ದಿನಾ ಕೆಲಸ ಮುಗಿಸಿ ಮನೆಗೆ ಬಂದು, ಮುದುಕಿಯನ್ನು ಹೊರಳಿಸಿ ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟಿ ಹೋಗುತ್ತಿದ್ದವರು. ಅದು ಅವನಿಗೆ ಆ ಗಳಿಗೆಯಲ್ಲಿ ನೆನಪಾಗದೆ ಇರಲಿಲ್ಲ. ನೆನಪಾದ್ದರಿಂದಲೇ ಕೋಪ ಇನ್ನಷ್ಟು ಬಂತು.

"ಜನ ನೋಡ್ಕೋತಾರೆ ಬಿಡಿ ನರ್ಸಮ್ಮ," ಎಂದು ಮಷೀನಿನ ಚಕ್ರಕ್ಕೆ ಕೈ ಹಾಕಿದ. ಅವರು ಎದ್ದು ಹೋದರು.

ಆಮೇಲೆ ಚಿಹ್ನೆ ಹಂಚಿದರು. ಸೀಟಣ್ಣ ಹೊಲಿಗೆ ಮಷೀನು ಕೇಳಿದ್ದ. ಅದು ಪಟ್ಟಿಯಲ್ಲೇ ಇರಲಿಲ್ಲ. ಕುರ್ಚಿ ಕೇಳಿದ; ಅದು ಯಾವುದೋ ಪಕ್ಷದ ಚಿಹ್ನೆಯಂತೆ, ಕೊಡಲಿಲ್ಲ. ಕೊನೆಗೆ ಅವನ ಪಾಲಿಗೆ ಬಂದದ್ದು ಮೇಜಿನ ಮೇಲಿಡುವ ದೀಪ. ಕಾಂಟ್ರಾಕ್ಟರನಿಗೆ ಬೀರು. ನರ್ಸಮ್ಮನಿಗೆ ಕೊಡೆ. ಬಾಮೈದ ಅಲ್ಲಿಯೂ ಬಿಡಲಿಲ್ಲ: "ಒಳ್ಳೇದೇ ಆಯ್ತು ಭಾವ. 'ಛತ್ರಿಗೆ ಓಟು ಕೊಡಿ' ಅಂದ್ರೆ ಜನ ಯಾವ ಛತ್ರಿ ಅಂತ ಕೇಳ್ತಾರೆ. ದೀಪ ಅಂದ್ರೆ ಮನೆ ಬೆಳಗೋದು." ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎಣಿಕೆ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಬೆಳಿಗ್ಗೆ ಸೀಟಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಬೂಟು ಹಾಕಿಕೊಂಡು ಹೋದ. ಮೋಡ ಕವಿದ ದಿನ. ಒಳಗೆ ಹಗಲಲ್ಲೂ ಟ್ಯೂಬ್‌ಲೈಟು ಉರಿಯುತ್ತಿತ್ತು. ಸಭಾಂಗಣದ ನಡುವೆ ಕೋಳಿಗೂಡಿನ ಜಾಲರಿಯಂಥ ತಂತಿಯ ಬಲೆ ಕಟ್ಟಿದ್ದರು. ಬಲೆಯ ಆಚೆ ಉದ್ದನೆಯ ಮೇಜು, ಮೇಜಿನ ಮೇಲೆ ಪ್ಲಾಸ್ಟಿಕ್ ಟ್ರೇಗಳು, ಒಂದೊಂದು ಟ್ರೇಗೂ ಒಂದೊಂದು ಚಿಹ್ನೆಯ ಚೀಟಿ. ಈಚೆ ಅಭ್ಯರ್ಥಿಗಳಿಗೂ ಅವರ ಏಜೆಂಟರಿಗೂ ಶಾಲೆಯ ಮಕ್ಕಳು ಕೂರುವ ಗಿಡ್ಡ ಬೆಂಚು. ಅದರಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಕಾಂಟ್ರಾಕ್ಟರ್ ಮಾತ್ರ ಎಲ್ಲಿಂದಲೋ ಕೈಯಿರುವ ಕುರ್ಚಿ ತರಿಸಿಕೊಂಡಿದ್ದ. ಎಣಿಕೆಯ ಅಧಿಕಾರಿಗೆ ನೆಗಡಿ. ಮೂಗು ಒರೆಸಿಕೊಂಡ ಕರವಸ್ತ್ರವನ್ನು ತೋಳಿನೊಳಗೆ ತುರುಕಿ, ಮತ್ತೆ ಎಳೆದು, ಮತ್ತೆ ತುರುಕುತ್ತಿದ್ದರು.

ನರ್ಸಮ್ಮ ಬೆಂಚಿನ ಆ ತುದಿಯಲ್ಲಿ ತಂಗಿಯ ಜೊತೆ ಕೂತಿದ್ದರು. ತಂಗಿಯೇ ಅವರ ಏಜೆಂಟು. ಸೀಟಣ್ಣ ತಲೆ ಆಡಿಸಿದ. ಅವರೂ ಆಡಿಸಿದರು.

ಮೊದಲು ಒಡೆದದ್ದು ಶೆಡ್ಡಿನ ಸಾಲಿಗೆ ಹತ್ತಿರದ ಮತಗಟ್ಟೆಯ ಪೆಟ್ಟಿಗೆ. ಬಾಮೈದ ಕೈ ಕೈ ಉಜ್ಜಿಕೊಂಡ. "ಇದು ನಮ್ಮದೇ ಕೋಟೆ ಭಾವ. ನೋಡ್ತಾ ಇರಿ." ಮತಪತ್ರಗಳು ಒಂದೊಂದಾಗಿ ಬಿಚ್ಚಿಕೊಂಡು ಟ್ರೇಗಳಿಗೆ ಬಿದ್ದವು. ಬೀರು, ಕೊಡೆ, ಬೀರು, ಬೀರು, ಕೊಡೆ. ದೀಪದ ಟ್ರೇಯ ತಳ ಬಹಳ ಹೊತ್ತು ಕಾಣುತ್ತಲೇ ಇತ್ತು. ಆ ಮತಗಟ್ಟೆ ಮುಗಿದಾಗ ಅವನಿಗೆ ಬಿದ್ದಿದ್ದ ಓಟು ಚಹಾದಂಗಡಿಯಲ್ಲಿ ದಿನಾ ಸೇರುತ್ತಿದ್ದ ಮಂದಿಗಿಂತಲೂ ಕಡಿಮೆ.

"ಏನಯ್ಯಾ ಇದು?" ಎಂದ ಸೀಟಣ್ಣ ಮೆಲ್ಲಗೆ.

ಬಾಮೈದನ ಮುಖ ಸಣ್ಣದಾಗಿತ್ತು. ಬೆರಳು ಮಡಿಚಿ ಲೆಕ್ಕ ಹಾಕಿದ. "ವೆಲ್ಡಿಂಗಿನವನ ಮನೆ ರೈಲು ಗೇಟಿನ ಆಚೆ. ಅವನ ಓಟು ಆ ವಾರ್ಡಲ್ಲಿ. ಬಣ್ಣದವನದೂ ಅಲ್ಲೇ. ಚಹಾದವನ ಹೆಸರು ಪಟ್ಟಿಲೇ ಇಲ್ಲವಂತೆ. ಛೆ, ಇದನ್ನ ನಾವು ಮೊದಲೇ ನೋಡಬೇಕಿತ್ತು ಭಾವ."

'ನೀವೇ ಬೇಕು' ಎಂದು ಎದುರಿಗೆ ನಿಂತು ಹೇಳಿದವರಲ್ಲಿ ಹೆಚ್ಚಿನವರಿಗೆ ಆ ವಾರ್ಡಿನಲ್ಲಿ ಓಟೇ ಇರಲಿಲ್ಲ. ಹಗಲು ಬಂದು ಕೆಲಸ ಮಾಡಿ ಸಂಜೆ ಬೇರೆ ಕಡೆಗೆ ಹೋಗುವ ಜನ ಅವರು. ಸೀಟಣ್ಣ ಹೊಸ ಬೂಟಿನೊಳಗೆ ಕಾಲ್ಬೆರಳು ಮುದುರಿಕೊಂಡು ಕೂತ. ಸೋಲು ಎಂದು ಅಲ್ಲಿಗೇ ತಿಳಿಯಿತು. ಒಂದು ಥರದಲ್ಲಿ ಹಗುರವೂ ಆಯಿತು. ಸಂಜೆಯವರೆಗೆ ಕೂತು, ಕಾಂಟ್ರಾಕ್ಟರನಿಗೂ ನರ್ಸಮ್ಮನಿಗೂ ಕೈ ಕುಲುಕಿ, ನಾಳೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರಾಯಿತು ಎಂದುಕೊಂಡ.

ಆಗ ಎರಡನೆಯ ಪೆಟ್ಟಿಗೆ ಒಡೆದರು. ಅದು ಆಸ್ಪತ್ರೆಯ ಮುಂದಿನ ಬೀದಿಗಳ ಮತಗಟ್ಟೆ. ಹಳೆಯ ಮನೆಗಳು, ಬಾಡಿಗೆ ಕೋಣೆಗಳು, ಊರುಗೋಲು ಹಿಡಿದು ಬಂದು ಓಟು ಹಾಕಿದ ಮುದುಕ ಮುದುಕಿಯರು. ಸೀಟಣ್ಣನಿಗೆ ಅಲ್ಲಿ ಪರಿಚಯದವರೇ ಕಡಿಮೆ. ಪ್ರಚಾರಕ್ಕೂ ಒಂದೇ ಸಲ ಹೋಗಿದ್ದ. ಆದರೆ ದೀಪದ ಟ್ರೇಗೆ ಒಂದು ಬಿತ್ತು. ಇನ್ನೊಂದು ಬಿತ್ತು. ನಾಲ್ಕು ಒಟ್ಟಿಗೆ ಬಿದ್ದವು. ಬಾಮೈದ ನೆಟ್ಟಗಾದ.

"ಭಾವ, ನೋಡಿದ್ರಾ?"

"ನೋಡ್ತಿದ್ದೀನಿ."

"ಆ ಕಡೆ ಬೀದಿಯವರು ನಿಮ್ಮನ್ನ ಇಷ್ಟು ಹಚ್ಚಿಕೊಂಡಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ."

ಸೀಟಣ್ಣನಿಗೂ ಗೊತ್ತಿರಲಿಲ್ಲ. ಅವನು ಅಲ್ಲಿಯ ಮುಖಗಳನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಒಂದು ಮನೆಯ ಜಗಲಿಯಲ್ಲಿ ಒಬ್ಬ ಮುದುಕ ಇವನ ಕೈ ಹಿಡಿದು ಬಹಳ ಹೊತ್ತು ಬಿಟ್ಟಿರಲಿಲ್ಲ. ಇನ್ನೊಬ್ಬಾಕೆ ಒಳಗಿಂದ ನೀರು ತಂದುಕೊಟ್ಟಿದ್ದಳು. ಅವರೇ ಇರಬೇಕು. ಬಸ್ಸಿನಲ್ಲಿ ಕೂತು ಹೋಗುವ ಜನ. ಯಾವನೋ ಒಬ್ಬ ಈ ಸೀಟು ಹೊಲಿದಿದ್ದಾನೆ ಎಂದು ನೆನೆಸಿಕೊಂಡಿದ್ದಾರು. ಎದೆ ತುಂಬಿ ಬಂತು. ಅಷ್ಟು ದೊಡ್ಡ ಗಂಡಸು ಆ ಮಕ್ಕಳ ಬೆಂಚಿನ ಮೇಲೆ ಕೂತು ಕಣ್ಣು ಒದ್ದೆ ಮಾಡಿಕೊಂಡ. ಯಾರಾದರೂ ನೋಡಿಯಾರೆಂದು ಬೂಟಿನ ದಾರ ಬಿಗಿಯುವ ನೆಪದಲ್ಲಿ ಬಗ್ಗಿದ.

ಬಾಮೈದ ಹೊರಗೆ ಓಡಿಹೋಗಿ ಅಕ್ಕನಿಗೆ ಫೋನು ಮಾಡಿ ಬಂದ. "ಅಕ್ಕನಿಗೆ ಹೇಳ್ದೆ. ಅಳಿಸಿ ಹೋಗ್ತಿದ್ದ ಲೆಕ್ಕ ಮತ್ತೆ ಏಳ್ತಿದೆ ಅಂದೆ."

"ಏನಂದ್ಲು?"

"ನರ್ಸಮ್ಮನಿಗೆ ಎಷ್ಟು ಬಿತ್ತು ಅಂತ ಕೇಳಿದ್ಲು. ಹೆಂಗಸರ ಯೋಚನೆಯೇ ಬೇರೆ ಬಿಡಿ."

ಇಷ್ಟು ಹೊತ್ತಿಗೆ ಅಧಿಕಾರಿ ಕೈ ಎತ್ತಿ ಎಣಿಕೆ ನಿಲ್ಲಿಸಿದರು. ಅನುಮಾನದ ಮತಪತ್ರ ಒಂದು ಸಿಕ್ಕಿತ್ತು. ಎಲ್ಲ ಕಡೆಯವರೂ ಬಲೆಯ ಹತ್ತಿರ ಬಂದು ನೋಡಬೇಕೆಂದು ಕರೆದರು. ಸೀಟಣ್ಣ, ಬಾಮೈದ, ನರ್ಸಮ್ಮ, ಅವರ ತಂಗಿ, ಕಾಂಟ್ರಾಕ್ಟರನ ಕಡೆಯ ಒಬ್ಬ, ಎಲ್ಲರೂ ತಂತಿಗೆ ಮೂಗು ತಾಗಿಸಿ ನಿಂತರು. ಅಧಿಕಾರಿ ಮತಪತ್ರವನ್ನು ಬಿಡಿಸಿ ಬಲೆಗೆ ಒತ್ತಿ ಹಿಡಿದರು.

ಸೀಲು ದೀಪದ ಮೇಲೆ ಸರಿಯಾಗಿ ಬಿದ್ದಿತ್ತು. ಆದರೆ ಅದರ ಪಕ್ಕದಲ್ಲಿ ಯಾರೋ ಪೆನ್ನಿನಿಂದ, ನಡುಗುವ ಅಕ್ಷರದಲ್ಲಿ, ಒಂದು ಮಾತು ಬರೆದಿದ್ದರು: ನರ್ಸಮ್ಮನಿಗೆ.

ಮೊದಲು ಬಾಯಿ ತೆಗೆದವನು ಬಾಮೈದ. "ಸೀಲು ದೀಪದ ಮೇಲಿದೆ ಸಾರ್. ಬರವಣಿಗೆ ಏನಾದ್ರೂ ಇರಲಿ. ಇದು ನಮ್ಮದು."

"ಹೆಸರೇ ಬರೆದಿದ್ದಾರಲ್ಲ ಸಾರ್," ಎಂದಳು ನರ್ಸಮ್ಮನ ತಂಗಿ. "ಯಾರಿಗೆ ಅಂತ ಇದಕ್ಕಿಂತ ಬಿಡಿಸಿ ಹೇಳಕ್ಕಾಗತ್ತಾ?"

"ಬರೆಯೋ ಹಾಗೇ ಇಲ್ಲ ಕಣಮ್ಮ," ಎಂದರು ಅಧಿಕಾರಿ. "ಬರೆದ ಮೇಲೆ ಅದು ಅವರದ್ದೂ ಅಲ್ಲ, ನಿಮ್ಮದ್ದೂ ಅಲ್ಲ. ತಿರಸ್ಕೃತ." ಮೂಗು ಒರೆಸಿಕೊಂಡು ಅದನ್ನು ಬಿಚ್ಚಿದ ಹಾಗೆಯೇ ಬಲೆಯ ಪಕ್ಕದ ಬೇರೆ ಟ್ರೇಗೆ ಹಾಕಿದರು.

ಸೀಟಣ್ಣ ಮಾತ್ರ ಬಲೆ ಬಿಟ್ಟು ಕದಲಲಿಲ್ಲ. ಮತಪತ್ರವನ್ನು ಅಷ್ಟು ಹತ್ತಿರದಿಂದ ಅವನು ಸಮಾಧಾನವಾಗಿ ನೋಡಿದ್ದು ಅದೇ ಮೊದಲು. ತಾನು ಓಟು ಹಾಕುವಾಗ ತನ್ನ ಚಿಹ್ನೆಯನ್ನು ಬಿಟ್ಟು ಬೇರೆ ಯಾವುದನ್ನೂ ನೋಡಿರಲಿಲ್ಲ. ಈಗ ಎರಡೂ ಕಂಡವು. ಅಗ್ಗದ ಕಾಗದ, ಇಂಕು ಹರಡಿತ್ತು. ಮೇಲಿನ ಸಾಲಿನಲ್ಲಿ ಕೊಡೆ, ಅದರ ಕೆಳಗೇ ದೀಪ. ಒಂದು ಕೋಲು, ಕೋಲಿನ ತಲೆಯ ಮೇಲೆ ಮಗುಚಿಟ್ಟ ಬಟ್ಟಲು. ಕೊಡೆಯ ಹಿಡಿ ಬಾಗಿರಬೇಕಾದ ಕಡೆ ಮಸಿ ಮೆತ್ತಿಕೊಂಡು, ದೀಪದ ಅಡಿಯ ಮಣೆಯ ಹಾಗೆಯೇ ಕಾಣುತ್ತಿತ್ತು. ಕಣ್ಣು ಮಂಜಾದವರಿಗೆ, ಕನ್ನಡಕ ಮರೆತು ಬಂದವರಿಗೆ, ಅದು ಯಾವುದು ಇದು ಯಾವುದು?

ಜಗಲಿಯ ಮುದುಕ ಕೈ ಹಿಡಿದು ಬಿಡದೆ ಇದ್ದದ್ದು ಯಾಕೆಂದು ಅವನಿಗೆ ಈಗ ನೆನಪಾಯಿತು. 'ನರ್ಸಮ್ಮ ಕಳಿಸಿದ್ರಾ ನಿಮ್ಮನ್ನ?' ಎಂದು ಆ ಮುದುಕ ಕೇಳುತ್ತಿದ್ದ. ಅದಕ್ಕೆ ತಾನು ನಕ್ಕು, ಏನೋ ಹೇಳಿ, ಮುಂದಿನ ಮನೆಗೆ ಹೋಗಿದ್ದ.

ಎಣಿಕೆ ಮತ್ತೆ ಶುರುವಾಯಿತು. ಆ ಹೊತ್ತಿನಿಂದ ಸೀಟಣ್ಣನಿಗೆ ಅಲ್ಲಿ ಕೂತಿರುವುದೇ ಶಿಕ್ಷೆಯಾಯಿತು. ದೀಪದ ಟ್ರೇಗೆ ಬೀಳುವ ಒಂದೊಂದು ಕಾಗದವೂ ಬೆನ್ನಿಗೆ ಚುಚ್ಚಿದಂತಾಗುತ್ತಿತ್ತು. ಸಾಕು, ಇನ್ನು ಬೀಳದಿರಲಿ ಎಂದು ಒಳಗೊಳಗೇ ಬೇಡಿಕೊಂಡ. ಮೂರನೆಯ ಮತಗಟ್ಟೆಯಲ್ಲೂ ಬಿದ್ದವು, ನಾಲ್ಕನೆಯದರಲ್ಲೂ ಬಿದ್ದವು. ಬೀರೂ ಕೊಡೆಯೂ ಹೆಗಲಿಗೆ ಹೆಗಲು ಕೊಟ್ಟು ಏರುತ್ತಿದ್ದವು. ಒಮ್ಮೆ ಇದು ಮುಂದೆ, ಒಮ್ಮೆ ಅದು. ಕಾಂಟ್ರಾಕ್ಟರ್ ಕುರ್ಚಿಯಲ್ಲಿ ಕೂರಲಾಗದೆ ಎದ್ದು ನಿಂತಿದ್ದ. ನರ್ಸಮ್ಮ ಕೂತಲ್ಲೇ ಕೂತಿದ್ದರು, ಕೈ ಎರಡೂ ಮಡಿಲಲ್ಲಿ.

ಸೀಟಣ್ಣ ಎದ್ದು ಬಲೆಯ ಹತ್ತಿರ ಹೋದ. "ಸಾರ್," ಎಂದ. ಅಧಿಕಾರಿ ತಿರುಗಿದರು.

"ಸಾರ್, ಇವು ನನ್ನವಲ್ಲ."

"ಯಾವುದು?"

"ಈ ದೀಪದ ಓಟು. ಜನ ಕೊಡೆ ಅಂದ್ಕೊಂಡು ಒತ್ತಿದ್ದಾರೆ. ನರ್ಸಮ್ಮನ ಲೆಕ್ಕಕ್ಕೆ ಸೇರಿಸಿಬಿಡಿ. ನಾನು ಬೇಕಾದ್ರೆ ಬರೆದುಕೊಡ್ತೀನಿ."

ಅಧಿಕಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕುಡಿದಿದ್ದಾನೋ ಎಂದು ಅನುಮಾನವಿರಬೇಕು. ಆಮೇಲೆ ಅವರ ದನಿ ಸ್ವಲ್ಪ ಮೆತ್ತಗಾಯಿತು. "ಹಾಗೆಲ್ಲ ಆಗಲ್ಲ ಕಣ್ರೀ. ಈ ತಕ್ಕಡಿಯಿಂದ ತೆಗೆದು ಆ ತಕ್ಕಡಿಗೆ ಹಾಕೋ ಸಾಮಾನಲ್ಲ ಇದು. ಯಾರಿಗೆ ಬಿತ್ತೋ ಅವರಿಗೇ. ಹೋಗಿ ಕೂತ್ಕೊಳ್ಳಿ."

"ಅವರು ಮನಸ್ಸಲ್ಲಿ ಅಂದ್ಕೊಂಡಿದ್ದು..."

"ಮನಸ್ಸಲ್ಲಿ ಇರೋದನ್ನ ಎಣಿಸಕ್ಕೆ ನನ್ನ ಹತ್ರ ಟ್ರೇ ಇಲ್ಲ."

ಬಾಮೈದ ಅವನ ತೋಳು ಹಿಡಿದು ಎಳೆದುಕೊಂಡು ಬಂದ. "ಭಾವ, ತಲೆ ಕೆಟ್ಟಿದೆಯಾ? ಎಲ್ಲರೂ ನೋಡ್ತಿದ್ದಾರೆ." ನಿಜ, ಎಲ್ಲರೂ ನೋಡುತ್ತಿದ್ದರು. ನರ್ಸಮ್ಮನೂ ನೋಡುತ್ತಿದ್ದರು. ಅವರ ಮುಖದಲ್ಲಿ ಏನಿತ್ತೆಂದು ಸೀಟಣ್ಣನಿಗೆ ಓದಲಾಗಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲ ಮುಗಿಯಿತು. ಅಧಿಕಾರಿ ಕಾಗದ ಹಿಡಿದು ಓದಿದರು. ಬೀರು ಎಂಟುನೂರ ಹನ್ನೆರಡು. ಕೊಡೆ ಏಳುನೂರ ಎಪ್ಪತ್ತನಾಲ್ಕು. ದೀಪ ಇನ್ನೂರ ಆರು. ನರ್ಸಮ್ಮನ ತಂಗಿ ಮರು ಎಣಿಕೆ ಕೇಳಿದಳು. ಮತ್ತೆ ಎಣಿಸಿದರು; ಒಂದು ಅಲ್ಲಿ ಇಲ್ಲಿ ಆಯಿತೇ ಹೊರತು ಬೇರೇನೂ ಬದಲಾಗಲಿಲ್ಲ. ಅಷ್ಟು ಹೊತ್ತೂ ಯಾರೂ ಸೀಟಣ್ಣನ ಕಡೆ ತಿರುಗಿ ನೋಡಲಿಲ್ಲ. ಕೂಡಿ ಕಳೆಯುವ ಅಗತ್ಯವೇ ಇರಲಿಲ್ಲ, ಸಭಾಂಗಣದಲ್ಲಿದ್ದ ಎಲ್ಲರಿಗೂ ಲೆಕ್ಕ ಬಾಯಿಗೆ ಬಂದಿತ್ತು.

ಹೊರಗೆ ಶಾಲೆಯ ಅಂಗಳದಲ್ಲಿ ಕಾಂಟ್ರಾಕ್ಟರನ ಕಡೆಯವರು ಕೇಕೆ ಹಾಕುತ್ತಿದ್ದರು. ಸೀಟಣ್ಣ ಗೋಡೆಯ ಪಕ್ಕದಿಂದ ತಲೆ ತಪ್ಪಿಸಿಕೊಂಡು ಹೋಗುವುದರಲ್ಲಿದ್ದ. ಕಾಂಟ್ರಾಕ್ಟರನ ಕಣ್ಣಿಗೆ ಬಿದ್ದುಬಿಟ್ಟ.

"ಎಲ್ಲಿ ಹೋಗ್ತೀರಿ ಸೀಟಣ್ಣ, ಬನ್ನಿ ಇಲ್ಲಿ," ಎಂದು ಅವನು ಜನರ ನಡುವಿನಿಂದ ಬಂದು ಬಾಚಿ ತಬ್ಬಿಕೊಂಡ. ಬೆನ್ನು ತಟ್ಟಿದ. ಕಿವಿಯ ಹತ್ತಿರ ಬಾಯಿ ತಂದು, ಆದರೆ ಸುತ್ತಲಿನ ಹತ್ತು ಜನಕ್ಕೆ ಕೇಳುವ ಹಾಗೆ, "ನಿಮ್ಮ ಉಪಕಾರ ಬದುಕಿರೋವರೆಗೆ ಮರೆಯಲ್ಲ," ಎಂದ. ಯಾರೋ ಫೋನಿನಲ್ಲಿ ಫೋಟೋ ಹೊಡೆದರು. ಆ ಫೋಟೋದಲ್ಲಿ ಸೀಟಣ್ಣ ನಗುತ್ತಿರುವಂತೆ ಕಾಣುತ್ತಿತ್ತು. ತುಟಿ ಬಿಗಿಹಿಡಿಯುವ ಅವನ ಚಾಳಿ ಅಂಥದ್ದು. ಸಂಜೆಯೊಳಗೆ ವಾರ್ಡಿನ ಎಲ್ಲರ ಫೋನಿಗೂ ಅದು ಹೋಯಿತು.

ನರ್ಸಮ್ಮ ಗೇಟಿನ ಹತ್ತಿರದ ಮೆಟ್ಟಿಲ ಮೇಲೆ ಕೂತಿದ್ದರು. ತಂಗಿ ಆಟೋ ಹುಡುಕಲು ಹೋಗಿದ್ದಳು. ಸೀಟಣ್ಣ ಬಿಡಿಸಿಕೊಂಡು ಅವರ ಮುಂದೆ ಹೋಗಿ ನಿಂತ.

"ನರ್ಸಮ್ಮ..."

ಅವರು ತಲೆ ಎತ್ತಲಿಲ್ಲ. "ಈಗ ನನ್ನ ಹತ್ರ ಮಾತಾಡಬೇಡಿ ಸೀಟಣ್ಣ. ಇವತ್ತು ಬಾಯಿಗೆ ಬಂದದ್ದು ಅಂದುಬಿಡ್ತೀನಿ. ಆಮೇಲೆ ಹಿಂದಕ್ಕೆ ತಗೊಳ್ಳಕ್ಕಾಗಲ್ಲ."

ಆಟೋ ಬಂತು. ಅವರು ಮೊಣಕಾಲಿಗೆ ಕೈಯೂರಿ ಎದ್ದು ಹತ್ತಿಕೊಂಡರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ವಿಷಯ ಅವಳಿಗೆ ಆಗಲೇ ತಿಳಿದಿತ್ತು, ತಮ್ಮ ಹೇಳಿದ್ದ. ಬಟ್ಟೆ ಬದಲಾಯಿಸಿ ಬಾಗಿಲಲ್ಲಿ ನಿಂತ ಗಂಡನಿಗೆ ಒಂದು ಲೋಟ ನೀರು ಕೊಟ್ಟಳು.

"ಆ ಇನ್ನೂರರಲ್ಲಿ ನನ್ನವು ಎಷ್ಟೋ," ಎಂದ ಸೀಟಣ್ಣ. "ನನ್ನದೊಂದು. ನಿನ್ನದೊಂದು. ನಿನ್ನ ತಮ್ಮಂದೊಂದು."

ಅವಳು ಈಳಿಗೆ ಮಣೆಯಿಂದ ಕೈ ತೆಗೆದಳು. "ರೀ, ನಿಮಗೆ ಹೇಳಬಾರದು ಅಂತಿದ್ದೆ. ನಾನು ಒತ್ತಿದ್ದು ಕೊಡೆಗೆ."

ಅವನು ಲೋಟ ಹಿಡಿದುಕೊಂಡೇ ನೋಡಿದ.

"ಅತ್ತೆ ಮಲಗಿದ್ದಾಗ ಆಯಮ್ಮ ಬರ್ತಿದ್ರಲ್ಲ, ನೀವು ಬಾಗಿಲಾಚೆ ನಿಂತಿರ್ತಿದ್ರಿ. ಒಳಗೆ ಅವರ ಜೊತೆ ಅತ್ತೇನ ಹಿಡ್ಕೊಂಡು ಕೂತಿರ್ತಿದ್ದೋಳು ನಾನು. ಆ ವಾಸನೆ, ಆ ಗಾಯ. ಅವರು ಒಂದು ದಿನ ಮುಖ ಸಿಂಡರಿಸಿದ್ದು ನಾನು ನೋಡಲಿಲ್ಲ. ನಿಮಗೆ ಒತ್ತಬೇಕು ಅಂತಾನೇ ಹೋದೆ. ಅಲ್ಲಿ ನಿಂತ ಮೇಲೆ ಕೈ ಬರಲಿಲ್ಲ."

ಸೀಟಣ್ಣ ಕೇಳಿದ: "ಸರಿಯಾಗಿ ನೋಡಿ ಒತ್ತಿದೆಯಾ?"

"ಕನ್ನಡಕ ಹಾಕ್ಕೊಂಡೇ ಹೋಗಿದ್ದೆ."

"ಸದ್ಯ," ಎಂದ. ಆ ಇಡೀ ದಿನದಲ್ಲಿ ಅವನಿಗೆ ಹಿತವೆನಿಸಿದ ಸುದ್ದಿ ಅದೊಂದೇ. ಹಾಗೆಂದು ನೋವಾಗಲಿಲ್ಲವೆಂದಲ್ಲ. ಹಿತವೂ ನೋವೂ ಒಂದೇ ಗುಟುಕಿನಲ್ಲಿ ಇಳಿದವು. ಲೋಟ ತೊಳೆದು ಬೋರಲು ಹಾಕಿ, ಹಿಂದಿನ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟ.

ಮರುದಿನ ಅವನು ನರ್ಸಮ್ಮನ ಮನೆಗೆ ಹೋದ. ಅವರು ಯಾರಿಗೋ ಇಂಜೆಕ್ಷನ್ ಕೊಡಲು ಹೋಗಿದ್ದರು. ತಂಗಿ ಬಾಗಿಲು ತೆಗೆದು, ಕೂತ್ಕೊಳ್ಳಿ ಎಂದೂ ಅನ್ನದೆ ಒಳಗೆ ಹೋದಳು. ಅವನು ಹೊರಗಡೆಯೇ ಕಾದ. ನರ್ಸಮ್ಮ ಬಂದು, ಕೈಚೀಲ ಗೂಟಕ್ಕೆ ಸಿಕ್ಕಿಸಿ, ಎದುರಿಗೆ ಕೂತರು.

ಅವನು ಹೇಳಬೇಕಾದ್ದನ್ನು ಹೇಳಿದ. ಆವತ್ತು ಶೆಡ್ಡಿನಲ್ಲಿ ನೀವು ಕೇಳಿದಾಗ ಹಿಂದೆ ಸರಿಯಬೇಕಿತ್ತು, ಹಟಕ್ಕೆ ಬಿದ್ದೆ, ಕಾಂಟ್ರಾಕ್ಟರನಿಗೂ ನನಗೂ ಯಾವ ಮಾತುಕತೆಯೂ ಇರಲಿಲ್ಲ, ಇದನ್ನು ಮಾತ್ರ ನಂಬಬೇಕು ಎಂದ.

"ಅದನ್ನ ನಂಬ್ತೀನಿ," ಎಂದರು ನರ್ಸಮ್ಮ. "ಬಲೆ ಹತ್ರ ಹೋಗಿ ನೀವು ಅಧಿಕಾರಿಗೆ ಹೇಳಿದ್ದು ನನಗೂ ಕೇಳಿಸ್ತು. ಬೇರೆಯವರು ಯಾರೂ ಹಾಗೆ ಹೇಳ್ತಿರಲಿಲ್ಲ." ಅವರೇ ಮುಂದುವರಿಸಿದರು: "ಆದ್ರೆ ತಪ್ಪು ನಿಮ್ಮದಲ್ಲ ಅಂತ ಅನ್ನಕ್ಕೆ ನನಗೆ ನಾಲಿಗೆ ಹೊರಳ್ತಿಲ್ಲ ಸೀಟಣ್ಣ. ಬಾಯಿಮಾತಿಗೆ ಅಂದ್ರೆ ನಿಮಗೂ ಗೊತ್ತಾಗತ್ತೆ."

"ಅನ್ನಬೇಡಿ," ಎಂದ ಅವನು. "ಅದಕ್ಕೆ ಬಂದಿಲ್ಲ."

ಒಳಗಿನಿಂದ ತಂಗಿ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಆಮೇಲೆ ಯಾರೋ ಮಗುವನ್ನು ಎತ್ತಿಕೊಂಡು ಬಂದರು. ನರ್ಸಮ್ಮ ಎದ್ದರು, ಸೀಟಣ್ಣನೂ ಎದ್ದ.

ಶೆಡ್ಡಿನ ಸಾಲಿನಲ್ಲಿ ಅವನನ್ನು ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಅವನು ಹೋದಾಗ ಚಹಾದಂಗಡಿಯ ಮಾತು ನಿಂತುಹೋಗುತ್ತಿತ್ತು. ಫೋಟೋ ಎಲ್ಲರೂ ನೋಡಿದ್ದರು. ಎಷ್ಟಕ್ಕೆ ಮಾರಿಕೊಂಡನೋ ಎಂದು ಬಣ್ಣದವನು ಯಾರಿಗೋ ಅಂದನಂತೆ. ಬಾಮೈದ ಅವನ ಕೊರಳಪಟ್ಟಿ ಹಿಡಿದು ಜಗಳಕ್ಕೆ ಹೋಗಿದ್ದನಂತೆ. ಸೀಟಣ್ಣ ಬಾಮೈದನನ್ನೇ ಗದರಿಸಿದ. "ಬಿಡು, ನಾಲ್ಕು ಜನರ ಬಾಯಿ ಹೊಲಿಯೋ ದಾರ ನನ್ನ ಹತ್ರ ಇಲ್ಲ," ಎಂದ. ಆಮೇಲೆ ಚಹಾವನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತರತೊಡಗಿದ.

ಮಳೆಗಾಲ ಮುಗಿದ ಮೇಲೆ ಖಾಲಿ ಮಾಡಬೇಕೆಂದು ನೋಟೀಸು ಬಂತು. ಶೆಡ್ಡಿನವರೆಲ್ಲ ಸೇರಿ ಪುರಸಭೆಗೆ ಹೋದರು. ಸೀಟಣ್ಣನೂ ಹಿಂದಿನ ಸಾಲಿನಲ್ಲಿ ಹೋದ. ಮುಂದೆ ನಿಂತು ಮಾತಾಡಿದವರು ನರ್ಸಮ್ಮ. ಸದಸ್ಯರಲ್ಲದವರ ಮಾತನ್ನು ಸಭೆಯಲ್ಲಿ ದಾಖಲು ಮಾಡಿಕೊಳ್ಳಲು ಬರುವುದಿಲ್ಲ ಎಂದು ಯಾರೋ ಹೇಳಿ ಅವರನ್ನು ಕೂರಿಸಿದರು. ಮೊದಲು ಆಸ್ಪತ್ರೆಯ ಬಾಗಿಲು ಮುಚ್ಚಿತು, ಆಮೇಲೆ ತಗಡುಗಳು ಇಳಿದವು. ವೆಲ್ಡಿಂಗಿನವನು ರೈಲು ಗೇಟಿನ ಆಚೆ ಹೋದ. ಬಾಮೈದ ಬೇರೆ ಬಡಾವಣೆಯಲ್ಲಿ ಅಂಗಡಿ ಹಿಡಿದ. ಸೀಟಣ್ಣನಿಗೆ ಬಸ್ ಡಿಪೋದಲ್ಲಿ ಕೂಲಿ ಲೆಕ್ಕದ ಕೆಲಸ ಸಿಕ್ಕಿತು. ಅಲ್ಲಿ ಅವನ ಮಷೀನಿಗೆ ಒಂದು ಕಂಬದ ಪಕ್ಕ ಜಾಗ ಕೊಟ್ಟಿದ್ದಾರೆ. ಮೇಲೆ ಮಾಡು ಇದೆ, ಗೋಡೆ ಮೂರೇ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತದೆ. ಅಲ್ಲಿಯ ಹುಡುಗರಿಗೆ ಅವನು ಚುನಾವಣೆಗೆ ನಿಂತಿದ್ದ ವಿಷಯ ಗೊತ್ತಿಲ್ಲ. ಅವನೂ ಹೇಳಲು ಹೋಗಿಲ್ಲ.

ಡಿಪೋಗೆ ಹೋಗುವ ದಾರಿ ನರ್ಸಮ್ಮನ ಮನೆಯ ಮುಂದೆಯೇ ಹಾಯುತ್ತದೆ. ಆಸ್ಪತ್ರೆ ಇಲ್ಲವಾದ ಮೇಲೆ ಬೆಳಿಗ್ಗೆ ಅವರ ಜಗಲಿಯಲ್ಲಿ ನಾಲ್ಕೈದು ಮಂದಿ ಕೂತಿರುತ್ತಾರೆ, ಹೆಚ್ಚಿನವರು ಮುದುಕರು. ಅವರಲ್ಲಿ ಒಬ್ಬರನ್ನು ಕಂಡರೂ ಸೀಟಣ್ಣ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾನೆ. ನರ್ಸಮ್ಮ ಕೆಲವು ದಿನ ಅವನನ್ನು ನೋಡಿ ಕೈ ಎತ್ತುತ್ತಾರೆ. ಕೆಲವು ದಿನ ಅವರ ತಲೆ ಯಾರದ್ದೋ ಗಾಯದ ಮೇಲೆ ಬಗ್ಗಿರುತ್ತದೆ, ನೋಡುವುದಿಲ್ಲ. ಅಥವಾ ನೋಡಿದರೂ ಎತ್ತುವುದಿಲ್ಲ. ಎರಡರಲ್ಲಿ ಯಾವುದೆಂದು ಅವನು ನಿಂತು ನೋಡಿದ್ದಿಲ್ಲ.